ಬಲೆ ಬಂದು ಹತ್ತು ವರ್ಷದ ಮೇಲೆ ಬಂದ ಕಾನೂನು

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕಡಲಿನಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಗಂಗೊಳ್ಳಿಯಲ್ಲಿ, ಮಲ್ಪೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಅದೇ ಹೊತ್ತಿಗೆ ಉಪ್ಪುಂದ, ಮರವಂತೆ, ಕೊಡೇರಿ ಕಡೆ ಕಡಲಿನ ಅಬ್ಬರ ಸ್ವಲ್ಪ ಇಳಿದರೆ ಸಾಕು, ನಾಡದೋಣಿಗಳು ನೀರಿಗಿಳಿಯುತ್ತವೆ. ಅದು ಕದ್ದು ಮಾಡುವ ಮೀನುಗಾರಿಕೆ ಅಲ್ಲ. 10 ಅಶ್ವಶಕ್ತಿವರೆಗಿನ ಮೋಟಾರು ಬಳಸುವ ನಾಡದೋಣಿಗಳಿಗೆ ವಿನಾಯಿತಿ ಎಂದು ನಿಷೇಧದ ಆದೇಶದಲ್ಲೇ ಬರೆದಿರುತ್ತದೆ.

ಆ ಒಂದು ಸಾಲಿನ ಹಿಂದೆ ದೊಡ್ಡ ಜಗಳದ ಇತಿಹಾಸವಿದೆ. ಅದನ್ನು ಈಗ ಹೇಳಲು ಕಾರಣವೂ ಇದೆ. ಹೊಸ ತಂತ್ರಜ್ಞಾನಕ್ಕೆ ಅಡ್ಡಿಯಾಗದ, ಅದಕ್ಕೆ ಬೆಂಬಲ ಕೊಡುವ ಕಾನೂನು ಬೇಕು ಎಂಬ ಮಾತು ಕೆಲವು ವರ್ಷಗಳಿಂದ ಸರ್ಕಾರಗಳ ಬಾಯಲ್ಲಿ ಕೇಳುತ್ತಿದೆ. ಕರ್ನಾಟಕ 2020ರಲ್ಲಿ ಇದಕ್ಕಾಗಿಯೇ ನಾವೀನ್ಯತಾ ಪ್ರಾಧಿಕಾರದ ಕಾಯ್ದೆ ಮಾಡಿತು. ಬೆಂಗಳೂರಿನ ಸ್ಟಾರ್ಟಪ್‌ಗಳ ಸುದ್ದಿ ಎಂದು ನಾವು ಆ ಪುಟ ಮಗುಚಿ ಬಿಡುತ್ತೇವೆ. ಆದರೆ ಹೊಸ ಯಂತ್ರ ಮೊದಲೋ ನಿಯಮ ಮೊದಲೋ ಎಂಬ ಪ್ರಶ್ನೆಗೆ ನಮ್ಮ ಕರಾವಳಿ 50 ವರ್ಷದ ಹಿಂದೆಯೇ ಬೆಲೆ ತೆತ್ತಿದೆ.

ತೋಟೆಯಿಂದ ಶುರುವಾದ ಕಾನೂನು

ಮೀನು ಹಿಡಿಯುವ ವಿಧಾನಕ್ಕೆ ಕಾನೂನು ಎಂಬುದು ಬ್ರಿಟಿಷರ ಕಾಲದ್ದು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಮುಖ್ಯವಾಗಿ ಎರಡನ್ನು ಅಪರಾಧ ಎಂದಿತು: ನೀರಿಗೆ ತೋಟೆ ಹಾಕಿ ಮೀನು ಕೊಲ್ಲುವುದು, ವಿಷ ಹಾಕುವುದು. ಮರಿಮೀನನ್ನೂ ಬಿಡದ ವಿಧಾನಗಳಾದ್ದರಿಂದ ಅವುಗಳನ್ನು ನಿಲ್ಲಿಸುವುದರಲ್ಲಿ ಯಾರಿಗೂ ತಕರಾರು ಇರಲಿಲ್ಲ.

ಆಗ ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 1907ರಲ್ಲಿ ಮದ್ರಾಸ್ ಸರ್ಕಾರ ಮೀನುಗಾರಿಕೆಗೆಂದೇ ಪ್ರತ್ಯೇಕ ಕಚೇರಿ ತೆರೆಯಿತು. ಅದರ ಮುಖ್ಯಸ್ಥ ಫ್ರೆಡರಿಕ್ ನಿಕೋಲ್ಸನ್ ಬೂತಾಯಿಯಿಂದ ಶುದ್ಧ ಎಣ್ಣೆ, ಗೊಬ್ಬರ ತೆಗೆಯುವ ವಿಧಾನವನ್ನು ಪ್ರಯೋಗ ಕೇಂದ್ರದಲ್ಲಿ ಮಾಡಿ ತೋರಿಸಿದರು. ಮೊದಲು ಸರ್ಕಾರ ತಾನೇ ಮಾಡಿ ನೋಡುವುದು, ಸರಿಯಾದರೆ ಜನರಿಗೆ ಕಲಿಸುವುದು ಅವರ ಕ್ರಮ.

1943ರಲ್ಲಿ ಅದೇ ಮದ್ರಾಸ್ ಸರ್ಕಾರ ಮರಿ ಬೂತಾಯಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಬೂತಾಯಿ ಕಡಿಮೆಯಾಗುತ್ತಿದೆ ಎಂಬ ಆತಂಕ ಅದಕ್ಕೆ ಕಾರಣ. ಆದರೆ ಇಷ್ಟು ಉದ್ದದ ಕರಾವಳಿಯಲ್ಲಿ ಯಾವ ದೋಣಿಯಲ್ಲಿ ಯಾವ ಬಲೆ ಇದೆ ಎಂದು ಯಾರು ನೋಡುವುದು? ಜಾರಿ ಮಾಡಲಾಗದೆ ಕೆಲವೇ ವರ್ಷಗಳಲ್ಲಿ ಆ ನಿರ್ಬಂಧವನ್ನು ಹಿಂದಕ್ಕೆ ಪಡೆಯಬೇಕಾಯಿತು. ಕಾಗದದಲ್ಲಿ ನಿಯಮ ಇದ್ದರೂ ದಡದಲ್ಲಿ ಅದನ್ನು ನಡೆಸುವವರು ಬೇಕು ಎಂಬ ಪಾಠ ನಮಗೆ ಅಲ್ಲಿಂದಲೇ ಸಿಕ್ಕಿತ್ತು.

ರಂಪಣಿಯ ಲೆಕ್ಕ

ಈಗ ನಲವತ್ತು ದಾಟದವರಲ್ಲಿ ಹೆಚ್ಚಿನವರು ರಂಪಣಿ ಎಳೆಯುವುದನ್ನು ಕಂಡಿರಲಿಕ್ಕಿಲ್ಲ. ನೂರಾರು ತುಂಡು ಬಲೆ ಜೋಡಿಸಿ ಮಾಡಿದ ಭಾರಿ ಬಲೆ ಅದು. ಬೂತಾಯಿ, ಬಂಗುಡೆಯ ಹಿಂಡು ದಡದ ಹತ್ತಿರ ಬಂದಾಗ ದೋಣಿಯಲ್ಲಿ ಹೋಗಿ ಸುತ್ತ ಬಲೆ ಬಿಡುತ್ತಿದ್ದರು. ಎರಡೂ ತುದಿಯ ಹಗ್ಗ ದಡಕ್ಕೆ ಬರುತ್ತಿತ್ತು. ಆಮೇಲೆ ಎಳೆಯುವುದು ಹತ್ತಾರು ಜನರ ಕೆಲಸ, ಬಲೆ ದೊಡ್ಡದಾದರೆ ನೂರರ ಹತ್ತಿರ ಜನ ಬೇಕು. ಮೀನು ಜಾಸ್ತಿ ಸಿಕ್ಕಿದರೆ ಪೂರ್ತಿ ಎಳೆಯದೆ ನೀರಿನಲ್ಲೇ ಬಲೆಯೊಳಗೆ ಜೀವಂತ ಇಟ್ಟು ದಿನವೂ ಸ್ವಲ್ಪ ಸ್ವಲ್ಪ ತೆಗೆದು ಮಾರುವುದೂ ಇತ್ತು. ಐಸ್ ಪ್ಲಾಂಟ್ ಇಲ್ಲದ ಕಾಲದಲ್ಲಿ ಅದೇ ಕೋಲ್ಡ್ ಸ್ಟೋರೇಜ್.

ಇಂಥ ಬಲೆ ಒಬ್ಬನ ಆಸ್ತಿಯಾಗುವುದು ಕಷ್ಟ. ಊರಿನವರು ಸೇರಿ ರಂಪಣಿ ಕೂಟ ಕಟ್ಟುತ್ತಿದ್ದರು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಪಾಲು. ಸಿಕ್ಕಿದರೆ ಊರಿಗೇ ಸಿಕ್ಕಿತು, ಇಲ್ಲದಿದ್ದರೆ ಊರಿಗೇ ಇಲ್ಲ.

ರಂಪಣಿಯ ಬಲವೂ ಬಲಹೀನತೆಯೂ ಒಂದೇ: ಮೀನು ದಡಕ್ಕೆ ಬರುವವರೆಗೆ ಕಾಯಬೇಕು.

ಸಬ್ಸಿಡಿ ಮೊದಲು, ನಿಯಮ ಆಮೇಲೆ

ಸ್ವಾತಂತ್ರ್ಯದ ನಂತರ ಸರ್ಕಾರಕ್ಕೆ ಬೇಕಿದ್ದದ್ದು ಹೆಚ್ಚು ಮೀನು. 1952ರಲ್ಲಿ ನಾರ್ವೆ ದೇಶದ ಜೊತೆ ಒಪ್ಪಂದವಾಗಿ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಯಾಂತ್ರಿಕ ದೋಣಿಗಳ ಯೋಜನೆ ಶುರುವಾಯಿತು. 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ಬಂತು. ಹತ್ತಿ, ಸೆಣಬಿನ ಬಲೆಯ ಜಾಗಕ್ಕೆ ನೈಲಾನ್ ಬಂತು. ಸಿಗಡಿಗೆ ಜಪಾನ್, ಅಮೆರಿಕದಲ್ಲಿ ಬೆಲೆ ಬಂದ ಮೇಲೆ ಟ್ರಾಲ್ ಬೋಟುಗಳು ಹೆಚ್ಚಿದವು. ತರಬೇತಿಗೆ, ಸಾಲಕ್ಕೆ, ಸಹಾಯಧನಕ್ಕೆ ಇಲಾಖೆ ಮುಂದೆ ನಿಂತಿತು.

ನೈಲಾನ್ ಬಲೆಗೆ ಯಾರೂ ವಿರೋಧ ಮಾಡಲಿಲ್ಲ, ಏಕೆಂದರೆ ನಾಡದೋಣಿಯವನೂ ಅದನ್ನು ಕೊಳ್ಳಬಹುದಿತ್ತು. ಜಗಳ ಹುಟ್ಟಿದ್ದು 1970ರ ದಶಕದ ನಡುವೆ ಪರ್ಸೀನ್ ಬಂದಾಗ.

ಪರ್ಸೀನ್ ಬಲೆಯ ಕೆಳಅಂಚಿನಲ್ಲಿ ಬಳೆಗಳಿರುತ್ತವೆ, ಅವುಗಳೊಳಗೆ ಹಗ್ಗ. ಹಿಂಡಿನ ಸುತ್ತ ಬಲೆ ಬಿಟ್ಟು ಆ ಹಗ್ಗ ಎಳೆದರೆ ಎಲೆಅಡಿಕೆ ಸಂಚಿಯ ಬಾಯಿ ಮುಚ್ಚಿದ ಹಾಗೆ ತಳ ಮುಚ್ಚುತ್ತದೆ. ಮೀನಿಗೆ ಕೆಳಗಿನಿಂದ ತಪ್ಪಿಸಿಕೊಳ್ಳಲು ದಾರಿ ಇಲ್ಲ. ಇನ್ನೂ ಮುಖ್ಯವಾದದ್ದು, ಈ ಬೋಟು ಮೀನಿಗಾಗಿ ದಡದಲ್ಲಿ ಕಾಯುವುದಿಲ್ಲ, ಹಿಂಡು ಇರುವಲ್ಲಿಗೇ ಹೋಗುತ್ತದೆ. ದಡಕ್ಕೆ ಬರಬೇಕಿದ್ದ ಬೂತಾಯಿ, ಬಂಗುಡೆ ಕಡಲಿನಲ್ಲೇ ಬೋಟು ಹತ್ತಿತು. ರಂಪಣಿ ಕೂಟದವರು ದಡದಲ್ಲಿ ಕಾದರು.

ಕೆಲವೇ ವರ್ಷಗಳಲ್ಲಿ ಕರ್ನಾಟಕದ ಕರಾವಳಿಯಲ್ಲಿ ಪರ್ಸೀನ್ ಬೋಟುಗಳು ನೂರರ ಲೆಕ್ಕ ದಾಟಿದವು. ರಂಪಣಿ ಮೀನುಗಾರರು ಬೀದಿಗಿಳಿದು ಪ್ರತಿಭಟಿಸಿದರು. 1980ರ ದಶಕ ಮುಗಿಯುವಾಗ ರಂಪಣಿ ಬಹುತೇಕ ನೆನಪಾಗಿತ್ತು.

ಪರ್ಸೀನ್ ತಪ್ಪು, ಅದನ್ನು ತಡೆಯಬೇಕಿತ್ತು ಎನ್ನುವುದು ನಮ್ಮ ವಾದವಲ್ಲ. ಅದರಿಂದ ಸಾವಿರಾರು ಮನೆಗಳ ಒಲೆ ಉರಿಯಿತು, ರಂಪಣಿ ಎಳೆದವರ ಮಕ್ಕಳಿಗೂ ಬೋಟಿನಲ್ಲಿ ಕೆಲಸ ಸಿಕ್ಕಿತು. ನಮ್ಮ ಪ್ರಶ್ನೆ ಬೇರೆ. ಸಾಲಕ್ಕೂ ಸಹಾಯಧನಕ್ಕೂ ಮುಂದೆ ಬಂದ ಸರ್ಕಾರ, ಈ ಬೋಟು ಎಲ್ಲಿ ಬಲೆ ಬಿಡಬೇಕು, ಎಲ್ಲಿ ಬಿಡಬಾರದು ಎಂದು ಹೇಳಲು ಹತ್ತು ವರ್ಷ ತೆಗೆದುಕೊಂಡದ್ದೇಕೆ?

1986: ಕಡಲಿಗೊಂದು ಗೆರೆ

ಇಂಥ ಜಗಳ ಗೋವಾ, ಕೇರಳ, ತಮಿಳುನಾಡಿನಲ್ಲೂ ಇತ್ತು. ಕೇಂದ್ರ ಸರ್ಕಾರ 1976ರಲ್ಲಿ ಮಜುಂದಾರ್ ಸಮಿತಿ ನೇಮಿಸಿತು. ಸಾಂಪ್ರದಾಯಿಕ ಮೀನುಗಾರರಿಗೂ ಯಾಂತ್ರಿಕ ಬೋಟುಗಳಿಗೂ ಕಡಲನ್ನು ಹೇಗೆ ಹಂಚುವುದು ಎಂಬುದು ಅದರ ಮುಂದಿದ್ದ ವಿಷಯ. 1979ರಲ್ಲಿ ಮಾದರಿ ಮಸೂದೆಯೊಂದು ರಾಜ್ಯಗಳಿಗೆ ಹೋಯಿತು. ಕೇರಳ, ಗೋವಾ 1980ರಲ್ಲೇ ಕಾಯ್ದೆ ಮಾಡಿದವು. ತಮಿಳುನಾಡು 1983ರಲ್ಲಿ. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ.

ಬೋಟುಗಳಿಗೆ ನೋಂದಣಿ, ಪರವಾನಗಿ ಬಂತು. ದಡದಿಂದ 6 ಕಿಲೋಮೀಟರ್‌ವರೆಗಿನ ನೀರು ಸಾಂಪ್ರದಾಯಿಕ ಮೀನುಗಾರರಿಗೆ ಎಂಬ ಗೆರೆ ಬಂತು. ರಂಪಣಿಗೆ ಮಾತ್ರ ಆ ಗೆರೆಯಿಂದ ದೊಡ್ಡ ಪ್ರಯೋಜನ ಆಗಲಿಲ್ಲ. ಅಷ್ಟರಲ್ಲಿ ಕೂಟಗಳು ಒಡೆದಿದ್ದವು, ಮೀನಿನ ಹಿಂಡು 6 ಕಿಲೋಮೀಟರ್ ಒಳಗೆ ಬರುವ ಮೊದಲೇ ಹೊರಗೆ ಬಲೆ ಕಾಯುತ್ತಿತ್ತು.

ಆದರೆ ದಡದವರು ಕೈಕಟ್ಟಿ ಕೂರಲಿಲ್ಲ. ದೋಣಿಯ ಹಿಂದಕ್ಕೆ ಮೋಟಾರು ಕಟ್ಟಿದರು. ಪರ್ಸೀನಿನ ಉಪಾಯವನ್ನೇ ಸಣ್ಣದು ಮಾಡಿದಂಥ ಮಾಟುಬಲೆ ಹಾಕಿದರು. ಹೊಸ ತಂತ್ರಜ್ಞಾನಕ್ಕೆ ಬಡವರು ವಿರೋಧಿಗಳು ಎಂದು ಹೇಳುವವರಿಗೆ ಇದೇ ಉತ್ತರ. ತಮ್ಮ ಕೈಗೆಟುಕುವ ಹೊಸದನ್ನು ಅವರು ಎಂದೂ ಬೇಡ ಅಂದಿಲ್ಲ. ಇಂದಿನ ನಾಡದೋಣಿ ಮೀನುಗಾರಿಕೆ ಬೆಳೆದದ್ದು ಹಾಗೆ. 10 ಅಶ್ವಶಕ್ತಿಯ ವಿನಾಯಿತಿಗೆ ಅರ್ಥ ಬಂದದ್ದೂ ಅದರಿಂದಲೇ.

ಕೇರಳ ಇನ್ನೂ ಬಿಗಿ ಮಾಡಿತು, ತನ್ನ ವ್ಯಾಪ್ತಿಯ ಕಡಲಿನಲ್ಲಿ ಪರ್ಸೀನನ್ನೇ ನಿಷೇಧಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1993ರಲ್ಲಿ ನಿಷೇಧವನ್ನು ನ್ಯಾಯಾಲಯ ಎತ್ತಿಹಿಡಿಯಿತು.

12 ಮೈಲಿಯ ಆಚೆಗಿನ ಬೆಳಕು

ರಾಜ್ಯದ ಕಾನೂನು ನಡೆಯುವುದು ದಡದಿಂದ 12 ನಾಟಿಕಲ್ ಮೈಲಿವರೆಗೆ ಮಾತ್ರ, ಅಂದರೆ ಸುಮಾರು 22 ಕಿಲೋಮೀಟರ್. ಅದರಾಚೆ ಕೇಂದ್ರದ್ದು. ಈ ಗೆರೆಯ ಆಚೆ ಈಚೆ ನಡೆದದ್ದೇ ಲೈಟ್ ಫಿಶಿಂಗ್ ಜಗಳ.

ಬೋಟಿನಲ್ಲಿ ಜನರೇಟರ್ ಇಟ್ಟು ರಾತ್ರಿ ಪ್ರಖರ ಎಲ್‌ಇಡಿ ದೀಪ ಹಾಕಿದರೆ ಸುತ್ತಲಿನ ಮೀನು ಬೆಳಕಿಗೆ ಬರುತ್ತದೆ. ಬಂದದ್ದನ್ನು ಬಲೆಯಲ್ಲಿ ಸುತ್ತುವುದು. ದೊಡ್ಡದು, ಮರಿ ಎಂಬ ಭೇದವಿಲ್ಲ. ಪರ್ಸೀನ್ ಬಂದಾಗ ರಂಪಣಿಯವರು ಹೇಳಿದ್ದನ್ನೇ ಈಗ ನಾಡದೋಣಿಯವರು ಹೇಳಿದರು: ನಮ್ಮ ಕಡೆ ಬರುವ ಮೀನು ಅಲ್ಲೇ ಖಾಲಿಯಾಗುತ್ತಿದೆ. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ತನ್ನ ವ್ಯಾಪ್ತಿಯ ಕಡಲಿನಲ್ಲೂ ಎಲ್‌ಇಡಿ ಬೆಳಕಿನ ಮೀನುಗಾರಿಕೆ ಮತ್ತು ಬುಲ್ ಟ್ರಾಲಿಂಗ್ ನಿಷೇಧಿಸಿತು. ಆದೇಶದ ನಂತರವೂ ನಾಡದೋಣಿಯವರ ಮನವಿ, ಪ್ರತಿಭಟನೆ ನಿಂತಿಲ್ಲ. ರಾತ್ರಿ ಹೊತ್ತು ಅಷ್ಟು ದೂರ ಹೋಗಿ ನೋಡುವವರು ಯಾರು? 1943ರ ಪ್ರಶ್ನೆ ಅಲ್ಲೇ ಇದೆ.

ಪ್ರಯೋಗ ಮಾಡಿ ನೋಡುವ ಕಾನೂನು

ಹಾಗಾದರೆ ದಾರಿ ಯಾವುದು? ಹೊಸದು ಬಂದ ಕೂಡಲೆ ನಿಷೇಧಿಸಿದರೆ ಯಾವ ಊರೂ ಮುಂದೆ ಬರುವುದಿಲ್ಲ. ಬಿಟ್ಟುಬಿಟ್ಟರೆ ರಂಪಣಿಯ ಕತೆ ಆಗುತ್ತದೆ.

ಬ್ರಿಟನ್ 2016ರಲ್ಲಿ ಹಣಕಾಸು ವಲಯದಲ್ಲಿ ಮೂರನೆಯ ದಾರಿಯೊಂದನ್ನು ಶುರುಮಾಡಿತು. ಹೊಸ ಸೇವೆಗೆ ಕೆಲವೇ ಗ್ರಾಹಕರ ಮೇಲೆ, ಇಂತಿಷ್ಟು ತಿಂಗಳು, ನಿಯಂತ್ರಕರ ಕಣ್ಣೆದುರೇ ಪ್ರಯೋಗ ಮಾಡಲು ಅವಕಾಶ. ಸರಿಹೋದರೆ ನಿಯಮ, ಇಲ್ಲದಿದ್ದರೆ ಅಲ್ಲಿಗೇ ನಿಲುಗಡೆ. ಇದನ್ನು ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ, ಮಕ್ಕಳು ಆಡುವ ಮರಳಿನ ಅಂಕಣ ಎಂಬ ಅರ್ಥದಲ್ಲಿ. ನಮ್ಮ ರಿಸರ್ವ್ ಬ್ಯಾಂಕ್ 2019ರಲ್ಲಿ ಇದಕ್ಕೆ ಚೌಕಟ್ಟು ಮಾಡಿತು. ಕರ್ನಾಟಕದ 2020ರ ಕಾಯ್ದೆಯ ತಿರುಳೂ ಇದೇ: ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಪ್ರಾಧಿಕಾರ, ಹೊಸ ಆವಿಷ್ಕಾರಕ್ಕೆ ಅಡ್ಡಿಯಾಗುವ ನಿಯಮಗಳಿಂದ ನಿರ್ದಿಷ್ಟ ಅವಧಿಗೆ ವಿನಾಯಿತಿ ಕೊಡಬಹುದು.

ಕಡಲಿನಲ್ಲೂ ಇದಕ್ಕೆ ಹತ್ತಿರದ ಉದಾಹರಣೆ ಇದೆ. ತಮಿಳುನಾಡಿನ ಪರ್ಸೀನ್ ನಿಷೇಧದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು. 12 ಮೈಲಿಯ ಆಚೆ ಮಾತ್ರ, ವಾರಕ್ಕೆ ಎರಡೇ ದಿನ, ಸೋಮವಾರ ಮತ್ತು ಗುರುವಾರ, ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ. ಬೋಟಿನಲ್ಲಿ ಜಾಡು ತೋರಿಸುವ ಉಪಕರಣ ಚಾಲೂ ಇರಬೇಕು. ಪೂರ್ತಿ ಬೇಡ, ಪೂರ್ತಿ ಬೇಕು ಎನ್ನುವ ಎರಡರ ನಡುವೆ ಹೀಗೂ ನಿಯಮ ಬರೆಯಬಹುದು.

ಈಗ ಬರುತ್ತಿರುವುದು

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಮುಳುಗಿದ ಬೋಟನ್ನು ನೌಕಾಪಡೆ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಬಳಿ. ಐದು ತಿಂಗಳು ಆ ಮನೆಗಳವರು ಕಾದರು. ಬೋಟು ಎಲ್ಲಿದೆ ಎಂದು ಹೇಳುವ ಉಪಕರಣ ಎಷ್ಟು ಮುಖ್ಯ ಎಂದು ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 364 ಕೋಟಿ ರೂಪಾಯಿ ವೆಚ್ಚದಲ್ಲಿ 1 ಲಕ್ಷ ಬೋಟುಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಉಚಿತವಾಗಿ ಕೊಡುವ ಯೋಜನೆಗೆ ಚಾಲನೆ ಕೊಟ್ಟಿತು. ಮೊಬೈಲ್ ಸಿಗ್ನಲ್ ಇಲ್ಲದಲ್ಲೂ ಉಪಗ್ರಹದ ಮೂಲಕ ಸಂದೇಶ ಹೋಗುತ್ತದೆ, ಹವಾಮಾನದ ಎಚ್ಚರಿಕೆ ಬರುತ್ತದೆ. ಜೀವ ಉಳಿಸುವ ಉಪಕರಣ ಇದು. ಅದೇ ಉಪಕರಣಕ್ಕೆ, ಯಾವ ಬೋಟು 6 ಕಿಲೋಮೀಟರ್ ಒಳಗೆ ಬಂತು ಎಂದು ತೋರಿಸುವ ಶಕ್ತಿಯೂ ಇದೆ. ತಾನು ಮೀನು ಹುಡುಕಿದ ಜಾಗ ಬೇರೆಯವರಿಗೆ ಗೊತ್ತಾದರೆ ಎಂಬ ಅಳುಕು ಬೋಟಿನವನಿಗೆ ಬಂದರೆ ಅದೂ ಸಹಜ. ಆ ಮಾಹಿತಿ ಯಾರ ಕೈಯಲ್ಲಿ ಇರಬೇಕು, ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು? ಇದನ್ನು ಮಾತಾಡಬೇಕಾದ ಹೊತ್ತು ಇದೇ, ಹತ್ತು ವರ್ಷ ಕಳೆದ ಮೇಲಲ್ಲ.

ನಾಡದೋಣಿಯ ಮೋಟಾರಿನ ವಿಷಯವೂ ಹಾಗೆಯೇ. ಸೀಮೆಎಣ್ಣೆ ಇಂಜಿನ್ ಬಿಟ್ಟು ಪೆಟ್ರೋಲ್, ಡೀಸೆಲ್ ಇಂಜಿನ್‌ಗೆ ಬದಲಾಗಲು ತಲಾ 50,000 ರೂಪಾಯಿ ಸಹಾಯಧನವನ್ನು 2023ರ ರಾಜ್ಯ ಬಜೆಟ್ ಘೋಷಿಸಿತ್ತು. ಒಳ್ಳೆಯದೇ. ಆದರೆ ನಮ್ಮ ಅಲೆಗೆ, ನಮ್ಮ ಉಪ್ಪು ನೀರಿಗೆ ಯಾವ ಇಂಜಿನ್ ತಾಳುತ್ತದೆ ಎಂದು ನಾಲ್ಕು ದೋಣಿಗೆ ಕಟ್ಟಿ ಒಂದು ಮಳೆಗಾಲ ಓಡಿಸಿ ನೋಡಿದರೆ, ಆಮೇಲೆ ಸಾವಿರ ದೋಣಿಗೆ ಕೊಡುವುದು ಸುಲಭ. ನಿಕೋಲ್ಸನ್ ಕಾಲದಲ್ಲೇ ಗೊತ್ತಿದ್ದ ಕ್ರಮ ಅದು.

ಪ್ರಯೋಗಕ್ಕೆ ಅವಕಾಶ ಕೊಡುವ ಕಾನೂನಿಗೆ ನಮ್ಮ ಬೆಂಬಲವಿದೆ. ಒಂದೇ ಷರತ್ತು: ಪ್ರಯೋಗ ಮಾಡುವವನ ಜೊತೆ, ಅದರಿಂದ ಕಳೆದುಕೊಳ್ಳಬಹುದಾದವನೂ ಮೇಜಿನ ಮುಂದೆ ಕೂತಿರಬೇಕು. 1975ರಲ್ಲಿ ರಂಪಣಿ ಕೂಟದವರಿಗೆ ಆ ಕುರ್ಚಿ ಸಿಕ್ಕಿರಲಿಲ್ಲ. ಮುಂದಿನ ಸಲ ನಿಮ್ಮೂರಿನ ಮೀನುಗಾರರ ಸಂಘದ ಸಭೆಗೆ ಇಲಾಖೆಯವರು ಬಂದಾಗ, ಏನು ಕೊಡುತ್ತೀರಿ ಎಂದು ಕೇಳುವ ಮೊದಲು, ನಿಯಮ ಏನು, ಅದನ್ನು ಬರೆಯುವಾಗ ನಮ್ಮವರು ಯಾರಿದ್ದರು ಎಂದು ಕೇಳಿ ನೋಡಿ.