ಉಡುಪಿ ಹೋಟೆಲುಗಾರರ ವ್ಯವಹಾರ ಭಾಷೆ (ಚೆನ್ನೈ)

ಕರಾವಳಿ ಕರ್ನಾಟಕದಿಂದ ಮದ್ರಾಸಿಗೆ ವಲಸೆ ಹೋದ ಸಸ್ಯಾಹಾರಿ ಹೋಟೆಲು ಮಾಲೀಕರು ಬೆಳೆಸಿಕೊಂಡ ಬಹುಭಾಷಾ ಸಂವಹನ ಪದ್ಧತಿ. ಅಡುಗೆಮನೆಯಲ್ಲಿ ತುಳು ಅಥವಾ ಕನ್ನಡ, ಗಲ್ಲಾದಲ್ಲಿ ತಮಿಳು ಇದರ ಸಾಮಾನ್ಯ ಕ್ರಮ. ಮಾಣಿ ಗಿರಾಕಿಯ ಬೇಡಿಕೆಯನ್ನು ಚೀಟಿಯಿಲ್ಲದೆ ನೆನಪಿಟ್ಟು, "ರೆಂಡು ಇಡ್ಲಿ, ಒರು ವಡೈ" ಎಂದು ಗಿರಾಕಿಯ ತಮಿಳಿನಲ್ಲೇ ಒಳಗೆ ಕೂಗಿ ಹೇಳುತ್ತಿದ್ದ. ಹೀಗೆ ವಲಸೆ ಹೋದವರಲ್ಲಿ ಒಬ್ಬರಾದ ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ಮೇಲೆ ಬಂದು 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು. ನಗರದಲ್ಲಿ ಗಿರಾಕಿಗಳ ನುಡಿಯೂ ಒಂದೇ ಆಗಿರಲಿಲ್ಲ: ರೈಲ್ವೆ ಕಾರ್ಯಾಗಾರಗಳೂ 1955ರಲ್ಲಿ ಆರಂಭವಾದ ಇಂಟಿಗ್ರಲ್ ಕೋಚ್ ಕಾರ್ಖಾನೆಯೂ ಇರುವ ಪೆರಂಬೂರಿನಲ್ಲಿ ತಮಿಳು, ತೆಲುಗು, ಮಲಯಾಳ ಮಾತಾಡುವ ಕಾರ್ಮಿಕರೂ ಆಂಗ್ಲೋ-ಇಂಡಿಯನ್ನರೂ ನೆಲೆಸಿದರು. ಇಂಥ ಕಡೆ ಸಣ್ಣ ವ್ಯಾಪಾರಿಗೆ ಗಿರಾಕಿಯ ನುಡಿಯಲ್ಲೇ ಉಪಚರಿಸುವ ಸೌಜನ್ಯ ಬಂಡವಾಳದಷ್ಟೇ ಮುಖ್ಯ.