ಹುಬ್ಬಳ್ಳಿ–ಧಾರವಾಡ ಪಾಲಿಕೆ ಬಜೆಟ್: ದುಡ್ಡು ಎಲ್ಲಿಂದ ಬರುತ್ತೆ, ಯಾರ ಕೈಯಲ್ಲಿರುತ್ತೆ?

ಪಾಲಿಕೆ ಬಜೆಟ್ ಮಂಡನೆಯಾದ ಮರುದಿನ ಸುದ್ದಿಯಾಗುವುದು ಒಟ್ಟು ಎಷ್ಟು ಕೋಟಿ, ಉಳಿತಾಯ ಎಷ್ಟು ಅನ್ನೋದು. ಪಾಲಿಕೆಯ ಆರ್ಥಿಕ ಆರೋಗ್ಯ ತಿಳಿಯೋಕೆ ಅಷ್ಟು ಸಾಲದು. ಅದರಲ್ಲಿ ಸ್ವಂತ ಗಳಿಕೆ ಎಷ್ಟು, ತನ್ನಿಷ್ಟದಂತೆ ಖರ್ಚು ಮಾಡಬಹುದಾದ್ದು ಎಷ್ಟು ಎಂಬುದೇ ಮುಖ್ಯ. 1962ರಲ್ಲಿ ಒಂದಾದ ಪಾಲಿಕೆಯನ್ನು ಎರಡು ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಮೇಲೆ ಈ ಲೆಕ್ಕ ಇನ್ನೂ ಮುಖ್ಯವಾಗಿದೆ.

ಜಕಾತಿ ಹೋಯ್ತು, ಏನು ಉಳೀತು?

ಹುಬ್ಬಳ್ಳಿ ವ್ಯಾಪಾರದ ಊರು. ಊರೊಳಗೆ ಬರುವ ಸರಕಿನ ಮೇಲಿನ ಜಕಾತಿ, ಅಂದರೆ ಆಕ್ಟ್ರಾಯ್, ಒಂದು ಕಾಲಕ್ಕೆ ಸ್ಥಳೀಯ ಆಡಳಿತದ ಆದಾಯ. 1979ರಲ್ಲಿ ಕರ್ನಾಟಕ ಅದನ್ನು ರದ್ದು ಮಾಡಿತು. ಬದಲಿಗೆ ಬಂದ ಪ್ರವೇಶ ತೆರಿಗೆ ರಾಜ್ಯದ ಖಜಾನೆಗೆ ಹೋಯಿತು. 2017ರಲ್ಲಿ ಅದೂ ಜಿಎಸ್‌ಟಿಯಲ್ಲಿ ಸೇರಿಹೋಯಿತು. ಈಗ ದುರ್ಗದ ಬೈಲ್‌ನಲ್ಲಿ, ಅಮರಗೋಳದ ಎಪಿಎಂಸಿಯಲ್ಲಿ ಎಷ್ಟೇ ವಹಿವಾಟು ನಡೆದರೂ ಅದರ ಮೇಲಿನ ತೆರಿಗೆ ನೇರವಾಗಿ ಪಾಲಿಕೆಗೆ ಬರಲ್ಲ.

ಪಾಲಿಕೆಗೆ ಉಳಿದ ದೊಡ್ಡ ಅಸ್ತ್ರ ಆಸ್ತಿ ತೆರಿಗೆ. ಅದರ ಜೊತೆಗೆ ಕಟ್ಟಡ ಪರವಾನಗಿ, ಟ್ರೇಡ್ ಲೈಸೆನ್ಸ್, ಮಳಿಗೆ ಬಾಡಿಗೆ. ಆಸ್ತಿ ತೆರಿಗೆಯನ್ನು ಮಾಲೀಕರೇ ಲೆಕ್ಕ ಹಾಕಿ ಘೋಷಿಸಬೇಕು. ಉದಾಹರಣೆಗೆ, ದೇಶಪಾಂಡೆ ನಗರದ ಒಂದು ಮನೆ ಕ್ಲಿನಿಕ್ ಆಗಿ ಬದಲಾಯಿತು ಅಂತಿಟ್ಟುಕೊಳ್ಳಿ. ಅರ್ಜಿಯಲ್ಲಿ ಇನ್ನೂ 'ವಾಸದ ಮನೆ' ಅಂತಲೇ ಇದ್ದರೆ, ಸ್ಥಳಕ್ಕೆ ಹೋಗಿ ಪರಿಶೀಲಿಸೋವರೆಗೂ ಪಾಲಿಕೆಗೆ ನಷ್ಟವೇ.

ನೀವು ಕಟ್ಟಿದ್ದೆಲ್ಲ ಪಾಲಿಕೆಗೆ ಉಳಿಯೋದೂ ಇಲ್ಲ. 1,000 ರೂಪಾಯಿ ತೆರಿಗೆ ಮೇಲೆ ಆರೋಗ್ಯ ಸೆಸ್ 150, ಗ್ರಂಥಾಲಯ ಸೆಸ್ 60, ಭಿಕ್ಷಾಟನೆ ನಿವಾರಣೆಯ ಸೆಸ್ 30 ಸೇರುತ್ತೆ. ಸಂಗ್ರಹ ವೆಚ್ಚ ಮುರಿದುಕೊಂಡು ಈ ಹಣವನ್ನು ಪಾಲಿಕೆ ಆಯಾ ಇಲಾಖೆಗೆ ಕಟ್ಟಬೇಕು.

ಅನುದಾನಕ್ಕೆ ಷರತ್ತು

ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನಕ್ಕೆ, ವಿದ್ಯುತ್ ಬಿಲ್ಲಿಗೆ ಅಂತಲೇ ಪ್ರತ್ಯೇಕ ಭಾಗಗಳಿವೆ. ಕೇಂದ್ರದ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಇಂಥ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ 60% ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಬೀದಿಯ ಗುಂಡಿ ಮುಚ್ಚೋಕೆ ಅದನ್ನು ಮುಟ್ಟುವಂತಿಲ್ಲ.

ಸ್ಮಾರ್ಟ್ ಸಿಟಿ ಹಣದ ದಾರಿಯೇ ಬೇರೆ. 2016ರಲ್ಲಿ ಅವಳಿ ನಗರ ಆಯ್ಕೆಯಾಯಿತು. ಹಣ ಖರ್ಚಾದದ್ದು ಪ್ರತ್ಯೇಕ ಕಂಪನಿಯ ಮೂಲಕ. ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ಕಟ್ಟಿದ್ದನ್ನು ಪಾಲಿಕೆಗೆ ಒಪ್ಪಿಸಿದರೆ ಅದರ ಲೈಟ್ ಬಿಲ್, ಕಾವಲು, ರಿಪೇರಿಯೂ ಅದರ ಹೆಗಲಿಗೇ.

ಎರಡಾದರೆ?

82 ವಾರ್ಡ್‌ಗಳಲ್ಲಿ 26 ಧಾರವಾಡಕ್ಕೆ, 56 ಹುಬ್ಬಳ್ಳಿಗೆ ಎಂಬುದು ಪ್ರಸ್ತಾವ. ಅನುದಾನವೆಲ್ಲ ಹುಬ್ಬಳ್ಳಿ ಕಡೆಗೇ ಹರಿಯುತ್ತೆ ಅನ್ನೋ ಧಾರವಾಡದವರ ದೂರು ಹಳೆಯದು. ಪ್ರತ್ಯೇಕ ಪಾಲಿಕೆ ಬಂದರೆ ತೀರ್ಮಾನವಂತೂ ಹತ್ತಿರ ಬರುತ್ತೆ. ಆದರೆ ಧಾರವಾಡ ವಿಶ್ವವಿದ್ಯಾಲಯ, ಕಾಲೇಜು, ಸರ್ಕಾರಿ ಕಚೇರಿಗಳ ಊರು. ಇಂಥ ಕಟ್ಟಡಗಳಲ್ಲಿ ಬಹಳಷ್ಟಕ್ಕೆ ಆಸ್ತಿ ತೆರಿಗೆ ವಿನಾಯಿತಿ ಇದೆ. ಇನ್ನೊಬ್ಬ ಕಮಿಷನರ್, ಇನ್ನೊಂದು ಕಚೇರಿಯ ಖರ್ಚು ಮಾತ್ರ ಮೊದಲ ದಿನದಿಂದಲೇ ಶುರು.

ಹಾಗಾಗಿ ಮುಂದಿನ ಬಜೆಟ್ ಬಂದಾಗ ನಿಮ್ಮ ಕಾರ್ಪೊರೇಟರ್‌ಗೆ ಮೂರು ಪ್ರಶ್ನೆ ಕೇಳಿ. ಕಳೆದ ವರ್ಷ ಅಂದಾಜಿಸಿದ ಸ್ವಂತ ಆದಾಯದಲ್ಲಿ ನಿಜಕ್ಕೂ ವಸೂಲಾದದ್ದೆಷ್ಟು? ಷರತ್ತಿಲ್ಲದ ಹಣ ಎಷ್ಟು? ಈಗಾಗಲೇ ಕಟ್ಟಿರೋದರ ನಿರ್ವಹಣೆಗೆ ಇಟ್ಟದ್ದೆಷ್ಟು?