ದೈವಕರೆಯ ಪೋಷಣೆ: ಕರ್ನಾಟಕದ ಕಥೋಲಿಕ ಧರ್ಮಕೇಂದ್ರಗಳಲ್ಲಿ

ದೈವಕರೆಯ ಪೋಷಣೆ ಎಂದರೆ ಗುರುವಾಗಬೇಕು, ಸಿಸ್ಟರ್ ಅಥವಾ ಬ್ರದರ್ ಆಗಿ ವ್ರತ ಕೈಗೊಳ್ಳಬೇಕು ಎಂದು ಕಥೋಲಿಕ ಯುವಜನರಲ್ಲಿ ಮೂಡುವ ಒಲವನ್ನು ಗುರುತಿಸಿ, ಒರೆಗೆ ಹಚ್ಚಿ, ಬೆಳೆಸುವ ಕೆಲಸ. ಮನೆಯವರು, ಧರ್ಮಕೇಂದ್ರದ ಗುರು, ಉಪದೇಶಿ, ಶಾಲೆ ಎಲ್ಲರಿಗೂ ಇದರಲ್ಲಿ ಪಾಲಿದೆ. ಕರ್ನಾಟಕದಲ್ಲಿ ಇದರ ಇತಿಹಾಸ ಎರಡು ದಾರಿಗಳಲ್ಲಿ ನಡೆದಿದೆ. ಕರಾವಳಿಯ ಧರ್ಮಕೇಂದ್ರಗಳು ತಮಗೆ ಬೇಕಾದ ಗುರುಗಳನ್ನು ಪಡೆದು ಹೊರನಾಡಿಗೂ ಕಳಿಸಿದವು. ಬಯಲುಸೀಮೆಗೆ ಬಹುಕಾಲ ಗುರುಗಳು ಹೊರಗಿನಿಂದಲೇ ಬಂದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಈ ಎರಡನೆಯ ದಾರಿಯವು. ಇವು ಇಂದು ಬೆಂಗಳೂರು ಮಹಾಧರ್ಮಕ್ಷೇತ್ರದ ವ್ಯಾಪ್ತಿಯಲ್ಲಿವೆ.

ಹಿನ್ನೆಲೆ

ಗುರುಗಳನ್ನು ತರಬೇತುಗೊಳಿಸಲು ಪ್ರತಿ ಧರ್ಮಕ್ಷೇತ್ರಕ್ಕೂ ಗುರುಮಠ ಇರಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ಗೊತ್ತುಮಾಡಿತು. ಕನಿಷ್ಠ 12 ವರ್ಷ ತುಂಬಿದ, ಓದು ಬರಹ ಬಲ್ಲ ಹುಡುಗರನ್ನು ಸೇರಿಸಿಕೊಳ್ಳಬೇಕು, ಬಡವರ ಮಕ್ಕಳಿಗೆ ಆದ್ಯತೆ ಕೊಡಬೇಕು ಎಂಬುದು ಅದರ ಕಟ್ಟಳೆ. ಭಾರತದಲ್ಲಿ ಇದು ಸುಲಭವಾಗಿ ಜಾರಿಗೆ ಬರಲಿಲ್ಲ. ಮಿಷನರಿಗಳಲ್ಲಿ ಹಲವರಿಗೆ ಸ್ಥಳೀಯರನ್ನು ಗುರುಗಳಾಗಿ ಕಾಣುವ ಮನಸ್ಸಿರಲಿಲ್ಲ. ಗೋವೆಯ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕರಾವಳಿಯ ಕೆನರಾದಲ್ಲಿ ದುಡಿದು, ಈ ನೆಲದ ಗುರುವಿಗೆ ಏನು ಸಾಧ್ಯವೆಂಬುದನ್ನು ತೋರಿಸಿಕೊಟ್ಟರು. ಮುಂದೆ ಶ್ರೀಲಂಕಾದಲ್ಲಿ ಸೇವೆ ಸಲ್ಲಿಸಿದ ಅವರನ್ನು 2015ರಲ್ಲಿ ಸಂತರೆಂದು ಘೋಷಿಸಲಾಯಿತು.

17ನೇ ಶತಮಾನದ ನಡುವಿನಿಂದ ಮೈಸೂರು ಸೀಮೆಯಲ್ಲಿ ಯೇಸುಸಭೆಯವರ (ಜೆಸ್ವಿಟರ) ಮಿಷನ್ ನಡೆಯುತ್ತಿತ್ತು. 1773ರಲ್ಲಿ ಆ ಸಭೆಯನ್ನೇ ರದ್ದುಪಡಿಸಿದಾಗ ಅವರ ಜಾಗ ತುಂಬಲು ಊರಿನ ಗುರುಗಳಿರಲಿಲ್ಲ. ಹಳ್ಳಿಗಳಲ್ಲಿ ನಂಬಿಕೆಯನ್ನು ಉಳಿಸಿದ್ದು ಹೆಚ್ಚಾಗಿ ಉಪದೇಶಿಗಳು ಮತ್ತು ಮನೆಯ ಪ್ರಾರ್ಥನೆ. 1776ರಲ್ಲಿ ಈ ಸೀಮೆಯನ್ನೂ ಒಳಗೊಂಡ ಕರ್ನಾಟಿಕ್ ಮಿಷನ್ನಿನ ಹೊಣೆ ಹೊತ್ತ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆ, ಸ್ಥಳೀಯ ಗುರುಗಳನ್ನು ರೂಪಿಸುವುದನ್ನೇ ತನ್ನ ಹುಟ್ಟಿನ ಉದ್ದೇಶವೆಂದು ಹೇಳಿಕೊಂಡಿತ್ತು. 1844ರ ಪಾಂಡಿಚೇರಿ ಸಿನೊಡ್ ಇದನ್ನೇ ಒತ್ತಿ ಹೇಳಿತು. ಮರುವರ್ಷ ರೋಮ್ ಹೊರಡಿಸಿದ ಸೂಚನೆ, ಸ್ಥಳೀಯ ಗುರುಗಳನ್ನು ಮಿಷನರಿಗಳ ಸಹಾಯಕರಾಗಿ ಮಾತ್ರ ಉಳಿಸುವುದು ಸಲ್ಲದು ಎಂದಿತು. ಹೊಣೆಯ ಹುದ್ದೆಗಳಿಗೂ ಅವರನ್ನು ಅಣಿಗೊಳಿಸಬೇಕೆಂದು ವಿಧಿಸಿತು.

ಕರಾವಳಿಯ ಮಾದರಿ

ಮತ್ತೆ ಸ್ಥಾಪನೆಗೊಂಡಿದ್ದ ಯೇಸುಸಭೆಯವರು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು ಮರುವರ್ಷವೇ ಸಂತ ಜೋಸೆಫರ ಗುರುಮಠವನ್ನು ಆರಂಭಿಸಿದರು. ಸಂಜೆ ಮನೆಮಂದಿಯೆಲ್ಲ ಕೂಡಿ ಹೇಳುವ ಜಪಸರ, ಇಗರ್ಜಿಯ ಪಕ್ಕದಲ್ಲೇ ಶಾಲೆ, ದೊಡ್ಡ ಕುಟುಂಬಗಳು ಇದ್ದ ಸಮಾಜದಲ್ಲಿ ಒಬ್ಬ ಮಗ ಗುರುವಾಗುವುದು ಮನೆತನಕ್ಕೆ ಗೌರವವಾಗಿತ್ತು.

ಹೆಣ್ಣುಮಕ್ಕಳ ದೈವಕರೆ ಇನ್ನೂ ಹುಲುಸಾಗಿ ಬೆಳೆಯಿತು. ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಭೆ 1870ರಲ್ಲಿ ಮಂಗಳೂರಿಗೆ ಬಂತು. ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ 1887ರಲ್ಲಿ ಮಂಗಳೂರಿನಲ್ಲೇ ಹುಟ್ಟಿತು. ಧರ್ಮಕೇಂದ್ರವೊಂದರ ಮಡಿಲಲ್ಲಿ ದೈವಕರೆ ಹೇಗೆ ಬೆಳೆಯುತ್ತದೆಂಬುದಕ್ಕೆ ಬೆಥನಿ ಸಭೆ ಸ್ಪಷ್ಟ ನಿದರ್ಶನ. ಬೆಂದೂರಿನ ಗುರುವಾಗಿದ್ದ ರೇಮಂಡ್ ಫ್ರಾನ್ಸಿಸ್ ಕಮಿಲಸ್ ಮಸ್ಕರೇನ್ಹಸ್ 1921ರ ಜುಲೈ 16ರಂದು ನಾಲ್ವರು ಸ್ಥಳೀಯ ಯುವತಿಯರೊಂದಿಗೆ ಅದನ್ನು ಆರಂಭಿಸಿದರು. ಅದರ ಸಿಸ್ಟರುಗಳು ಮುಂದೆ ಘಟ್ಟ ಹತ್ತಿ ಒಳನಾಡಿನಲ್ಲೂ ಶಾಲೆಗಳನ್ನು ನಡೆಸಿದರು.

ಮೈಸೂರು, ಬೆಂಗಳೂರು, ಕೋಲಾರ

ಘಟ್ಟದ ಮೇಲೆ ಕಥೋಲಿಕರು ಕಡಿಮೆ, ಊರುಗಳು ಚದುರಿದ್ದವು, ರೈತರು ಮತ್ತು ಕೂಲಿಕಾರರೇ ಹೆಚ್ಚು. ಒಬ್ಬ ಗುರು ಹಲವು ಹಳ್ಳಿಗಳನ್ನು ಸುತ್ತಬೇಕಿತ್ತು. ಗುರುವನ್ನು ದಿನನಿತ್ಯ ಕಾಣದ ಹುಡುಗನಿಗೆ ಗುರುವಾಗುವ ಆಸೆ ಮೂಡುವುದು ವಿರಳ. ಕೋಲಾರ ಜಿಲ್ಲೆಯಲ್ಲಿ 1880ರ ದಶಕದಿಂದ ಚಿನ್ನದ ಗಣಿಗಳು ಬೆಳೆದಂತೆ ಕೆಜಿಎಫ್‌ನಲ್ಲಿ ತಮಿಳು ಮಾತಾಡುವ ಕಥೋಲಿಕ ಗಣಿಕಾರ್ಮಿಕರು ನೆಲೆನಿಂತರು. ಚಾಂಪಿಯನ್ ರೀಫ್ಸ್‌ನ ವಿಜಯಮಾತೆಯ ದೇವಾಲಯ ಆ ಜನರದು. ಕನ್ನಡ, ತೆಲುಗು, ತಮಿಳು ಮೂರೂ ನಡೆಯುವ ಈ ಸೀಮೆಯಲ್ಲಿ ಜನರ ಮನೆಮಾತು ಬಲ್ಲ ಗುರು ಬೇಕೆಂಬುದು ಹಳೆಯ ಕೊರತೆ.

ಹಣಕಾಸಿನ ಕೊರತೆಯೂ ಇತ್ತು. ಗುರುಮಠದ ವಿದ್ಯಾರ್ಥಿಯನ್ನು ವರ್ಷಗಟ್ಟಲೆ ಸಾಕುವ ಶಕ್ತಿ ಬಡ ಧರ್ಮಕೇಂದ್ರಗಳಿಗಿರಲಿಲ್ಲ. 1889ರಲ್ಲಿ ಫ್ರಾನ್ಸಿನ ಜೇನ್ ಬಿಗಾರ್ ಮತ್ತು ಅವರ ತಾಯಿ ಆರಂಭಿಸಿದ ಸಂತ ಪೇತ್ರರ ಸಂಘ ಇಂಥ ಮಿಷನ್ ನಾಡುಗಳ ಗುರುವಿದ್ಯಾರ್ಥಿಗಳ ಖರ್ಚಿಗೆ ಹಣ ಕೂಡಿಸಿತು. 1934ರಲ್ಲಿ ಸಂತ ಪೇತ್ರರ ಗುರುಮಠ ಪಾಂಡಿಚೇರಿಯಿಂದ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂತು. ಇದರಿಂದ ಈ ಭಾಗದ ಹುಡುಗರಿಗೆ ಗುರುಶಿಕ್ಷಣ ಹತ್ತಿರವಾಯಿತು. 1940ರಲ್ಲಿ ಬೆಂಗಳೂರು ಧರ್ಮಕ್ಷೇತ್ರ ಮೈಸೂರಿನಿಂದ ಬೇರೆಯಾಯಿತು. 1942ರಲ್ಲಿ ಆಂಧ್ರ ಮೂಲದ ಥಾಮಸ್ ಪೋತಕಮುರಿ ಅದರ ಮೊದಲ ಭಾರತೀಯ ಧರ್ಮಾಧ್ಯಕ್ಷರಾದರು. 1953ರಲ್ಲಿ ಅದು ಮಹಾಧರ್ಮಕ್ಷೇತ್ರವಾಯಿತು.

ಧರ್ಮಕೇಂದ್ರದ ಪಾತ್ರ

ಪೀಠಬಾಲಕರ ಗುಂಪು ದೈವಕರೆಯ ಮೊದಲ ಮೆಟ್ಟಿಲು. ಬಲಿಪೂಜೆಯಲ್ಲಿ ಗಂಟೆ ಬಾರಿಸುತ್ತ, ಧೂಪಾರತಿ ಹಿಡಿಯುತ್ತ ಹುಡುಗ ಗುರುವಿನ ಬದುಕನ್ನು ಹತ್ತಿರದಿಂದ ನೋಡುತ್ತಾನೆ. ಗುರುಮಠಕ್ಕೆ ಸೇರಲು ಧರ್ಮಕೇಂದ್ರದ ಗುರುವಿನ ಶಿಫಾರಸು ಪತ್ರ, ಜ್ಞಾನಸ್ನಾನದ ದಾಖಲೆ ಬೇಕು. 1917ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ದೀಕ್ಷೆ ಪಡೆಯಲಿರುವವರ ಹೆಸರನ್ನು ಅವರ ಊರಿನ ದೇವಾಲಯದಲ್ಲಿ ಓದಿ ಹೇಳಬೇಕಿತ್ತು. ಅಡ್ಡಿಯೇನಾದರೂ ಗೊತ್ತಿದ್ದವರು ಮುಂದೆ ಬಂದು ತಿಳಿಸುವುದು ಕರ್ತವ್ಯವಾಗಿತ್ತು. ಆಯ್ಕೆಯಲ್ಲಿ ಊರಿನ ಮಾತಿಗೂ ಹೀಗೆ ಬೆಲೆಯಿತ್ತು.

ಹಳೆಯ ದೀಕ್ಷಾವಿಧಿಯಲ್ಲಿ ಧರ್ಮಾಧ್ಯಕ್ಷರು ಹೊಸ ಗುರುವಿನ ಅಂಗೈಗಳಿಗೆ ಪವಿತ್ರ ತೈಲ ಹಚ್ಚಿ, ಎರಡೂ ಕೈಗಳನ್ನು ಜೋಡಿಸಿ ಬಿಳಿಬಟ್ಟೆಯಿಂದ ಕಟ್ಟುತ್ತಿದ್ದರು. ಆ ಬಟ್ಟೆಯನ್ನು ತಾಯಿಗೆ ಕೊಡುವ, ಆಕೆ ತೀರಿಕೊಂಡಾಗ ಅದನ್ನು ಶವಪೆಟ್ಟಿಗೆಯಲ್ಲಿಡುವ ರೂಢಿ ಕಥೋಲಿಕರಲ್ಲಿದೆ. ದೀಕ್ಷೆಯ ಬಳಿಕ ಹೊಸ ಗುರು ತನ್ನ ಊರಿನಲ್ಲಿ ಕೃತಜ್ಞತಾ ಬಲಿಪೂಜೆ ಅರ್ಪಿಸುತ್ತಾನೆ. ಜನ ಸಾಲಾಗಿ ಬಂದು ಅವನ ಕೈಗೆ ಮುತ್ತಿಟ್ಟು ಆಶೀರ್ವಾದ ಪಡೆಯುತ್ತಾರೆ.

ದ್ವಿತೀಯ ವ್ಯಾಟಿಕನ್ ಮಹಾಸಭೆ ಮತ್ತು ಅನಂತರ

ಪೋಪ್ ಆರನೇ ಪೌಲರು 1964ರಲ್ಲಿ ದೈವಕರೆಗಾಗಿ ವಿಶ್ವ ಪ್ರಾರ್ಥನಾ ದಿನವನ್ನು ಆರಂಭಿಸಿದರು. ಪಾಸ್ಖ ಕಾಲದ ನಾಲ್ಕನೇ ಭಾನುವಾರ, ಒಳ್ಳೆಯ ಕುರಿಗಾಹಿಯ ಸುವಾರ್ತೆ ಓದುವ ದಿನ, ಇದು ನಡೆಯುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೈವಕರೆಯ ಪೋಷಣೆ ಇಡೀ ಕ್ರೈಸ್ತ ಸಮುದಾಯದ ಹೊಣೆ ಎಂದು ಸಾರಿತು. ಕುಟುಂಬವನ್ನು ಮೊದಲ ಗುರುಮಠವೆಂದು ಕರೆಯಿತು. 1983ರ ಕಾನೂನು ಸಂಹಿತೆ ಸಮುದಾಯದ ಈ ಹೊಣೆಯನ್ನು ನಿಯಮವಾಗಿಸಿತು. ಲತೀನಿನ ಬದಲು ಜನಭಾಷೆಯಲ್ಲಿ ಪೂಜೆ ಆರಂಭವಾದ ಮೇಲೆ ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲಿ ಭಾಷೆಯ ಪ್ರಶ್ನೆ ತೀವ್ರವಾಯಿತು. ಕನ್ನಡ ಕಥೋಲಿಕ ಸಂಘಟನೆಗಳು ಪೂಜೆಯಲ್ಲೂ ಗುರುಗಳ ಆಯ್ಕೆಯಲ್ಲೂ ಕನ್ನಡಿಗರಿಗೆ ನ್ಯಾಯ ಸಿಗಬೇಕೆಂದು ಒತ್ತಾಯಿಸುತ್ತ ಬಂದವು. ಹಳ್ಳಿಯ ಕನ್ನಡ ಧರ್ಮಕೇಂದ್ರಗಳಿಂದ ದೈವಕರೆ ಬೆಳೆಸುವುದು ಹೀಗೆ ಭಕ್ತಿಯ ಜೊತೆಗೆ ಪ್ರಾತಿನಿಧ್ಯದ ಪ್ರಶ್ನೆಯೂ ಆಯಿತು.

ಈಚಿನ ಸ್ಥಿತಿ

ಹಿಂದೆ ಎಳೆಯ ಹುಡುಗರೇ ಕಿರಿಯ ಗುರುಮಠ ಸೇರುತ್ತಿದ್ದರು. ಈಗ ಪಿಯುಸಿ ಅಥವಾ ಪದವಿ ಮುಗಿಸಿ ಬರುವವರು ಹೆಚ್ಚು. ಬೇಸಿಗೆ ರಜೆಯಲ್ಲಿ ದೈವಕರೆ ಶಿಬಿರಗಳು ನಡೆಯುತ್ತವೆ. ತತ್ತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಕನಿಷ್ಠ ಆರು ವರ್ಷದ ಓದು ಕಡ್ಡಾಯ; 25 ತುಂಬದೆ ಗುರುದೀಕ್ಷೆ ಇಲ್ಲ. 2016ರಲ್ಲಿ ರೋಮ್ ಪ್ರಕಟಿಸಿದ ಮಾರ್ಗಸೂಚಿ ಈ ಓದಿಗೂ ಮುಂಚೆ ಪೂರ್ವಸಿದ್ಧತೆಯ ಹಂತವೊಂದನ್ನು ಕಡ್ಡಾಯಗೊಳಿಸಿತು. ಮನೆಗೆ ಒಂದೋ ಎರಡೋ ಮಕ್ಕಳಿರುವ, ಉದ್ಯೋಗಕ್ಕೆ ನಗರ ಮತ್ತು ಹೊರದೇಶ ಸೇರುವ ಕಾಲದಲ್ಲಿ ಕರಾವಳಿಯ ಹಳೆಯ ಹುಲುಸು ಇಳಿಮುಖವಾಗಿದೆ. ಬಯಲುಸೀಮೆಗೆ ಬೇಕಾದ ಗುರುಗಳನ್ನು ಇನ್ನು ಹೊರಗಿನವರೇ ಒದಗಿಸಲಾರರು. ಕೋಲಾರದಂಥ ಜಿಲ್ಲೆಗಳ ಸಣ್ಣ ಧರ್ಮಕೇಂದ್ರಗಳು ತಮ್ಮ ಗುರುಗಳನ್ನು ತಮ್ಮೊಳಗೇ ಕಂಡುಕೊಳ್ಳಬೇಕಾದ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿದೆ.